ಕಮಲಕ್ಕನನ್ನು ಹರಾಜಿಗಿಟ್ಟ ಮಧ್ಯಾಹ್ನ

ಅರವತ್ತೊಂದನೆಯ ವಯಸ್ಸಿನಲ್ಲಿ ಗಂಡಸಿನ ಅಂಗಿಯ ತೋಳಿನ ಮೇಲೆ ಹೆಂಡತಿಯ ಕಣ್ಣಿಗೆ ಬೀಳಬಹುದಾದ ಕಲೆಗಳು ಬಹಳ ಇರುವುದಿಲ್ಲ. ಸಾರು, ಕಾಫಿ, ಹೆಚ್ಚೆಂದರೆ ಮಂಡಿನೋವಿನ ಮುಲಾಮು. ನನ್ನ ತೋಳಿನ ಮೇಲೆ ಮಾತ್ರ ಪ್ರತಿ ಭಾನುವಾರ ಬಿಳಿಯ ಪುಡಿ ಮೆತ್ತಿರುತ್ತದೆ. ಮೊನ್ನೆ ಆಕೆ ಅಂಗಿಯನ್ನು ಬಾಲ್ಕನಿಯಲ್ಲಿ ಕೊಡವುತ್ತಾ, ನಿಮ್ಮ ವಯಸ್ಸಿನವರು ವಿಭೂತಿ ಹಚ್ಚಿಕೊಂಡು ಓಡಾಡುತ್ತಾರೆ ಎಂದಳು. ಇದು ವಿಭೂತಿಯಲ್ಲ, ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪುಡಿ. ಆದರೆ ಮನುಷ್ಯನ ಅಹಂಕಾರ ಇಳಿಸುವ ವಿಷಯದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವೇನಿಲ್ಲ. ಇದು ನನಗೆ ತಿಳಿದದ್ದು ಬಾಂದ್ರಾದ ಒಂದು ಹರಾಜಿನಿಂದ. ಆ ಕತೆ ಹೇಳುತ್ತೇನೆ, ಆದರೆ ಬಾಂದ್ರಾಕ್ಕೆ ಹೋಗುವ ಮೊದಲು ಒಮ್ಮೆ ಮೈಸೂರಿಗೆ ಹೋಗಿಬರಬೇಕು. ದೂರವೇನಿಲ್ಲ, ಒಂದು ಪ್ಯಾರಾದಷ್ಟು.

ನಾನು ಹುಡುಗನಾಗಿದ್ದಾಗ ನಮ್ಮ ವಠಾರದಲ್ಲಿದ್ದದ್ದು ಒಂದೇ ಕೇರಂ ಬೋರ್ಡು. ಅದು ವಠಾರದ ಮಾಲೀಕರ ಮಗ ಪುಟ್ಟಸ್ವಾಮಿಯದು. ಬೋರ್ಡು ಅವನದಾದ್ದರಿಂದ ನಿಯಮಗಳೂ ಅವನವೇ. ಅವನು ಸೋಲುವ ಲಕ್ಷಣ ಕಂಡರೆ ಅವನಿಗೆ ತಟಕ್ಕನೆ ಹೋಂವರ್ಕು ನೆನಪಾಗುತ್ತಿತ್ತು, ಬೋರ್ಡು ಒಳಗೆ ಹೋಗುತ್ತಿತ್ತು. ಪುಡಿ ಒದಗಿಸುವ ಹೊಣೆ ನನ್ನದು. ಬೋರಿಕ್ ಪುಡಿಗೆ ಕಾಸಿಲ್ಲದೆ ಅಕ್ಕನ ಮುಖದ ಪೌಡರಿನ ಡಬ್ಬಿಯಿಂದ ಕದ್ದು ತರುತ್ತಿದ್ದೆ. ಆದ್ದರಿಂದ ನಮ್ಮ ಆಟಕ್ಕೆ ಮದುವೆಮನೆಯ ವಾಸನೆ ಇರುತ್ತಿತ್ತು. ಆಟ ಮುಂದುವರಿಯಬೇಕಾದರೆ ಪುಟ್ಟಸ್ವಾಮಿ ಗೆಲ್ಲಬೇಕು ಎಂಬ ಪಾಠವನ್ನು ನಾನು ಒಂಬತ್ತನೇ ವಯಸ್ಸಿಗೇ ಕಲಿತೆ. ಮುಂದೆ ಮುಂಬಯಿಯ ಒಂದು ವಿಮಾ ಕಚೇರಿಯಲ್ಲಿ ಮೂವತ್ನಾಲ್ಕು ವರ್ಷ ಹಲವಾರು ಮ್ಯಾನೇಜರುಗಳ ಕೈಕೆಳಗೆ ದುಡಿಯುವಾಗ ಈ ಒಂದು ವಿದ್ಯೆ ನನ್ನ ಡಿಗ್ರಿಗಿಂತ ಹೆಚ್ಚು ಕೆಲಸಕ್ಕೆ ಬಂತು. ಗೊತ್ತಾಗದಂತೆ ಸೋಲುವುದರಲ್ಲಿ ನಾನು ಪಳಗಿದವನು ಎಂದು ನನಗೊಂದು ಒಳಗೊಳಗಿನ ಹೆಮ್ಮೆಯಿತ್ತು. ಇತ್ತು, ಎಂದು ಗಮನಿಸಿ.

ಮುಲುಂಡಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಪಂಪ್ ರೂಮಿಗೂ ಮೀಟರ್ ರೂಮಿಗೂ ನಡುವೆ ಒಂದು ಕೋಣೆಯಿದೆ. ಬಿಲ್ಡರನ ನಕ್ಷೆಯಲ್ಲಿ ಅದಕ್ಕೆ ಕ್ಲಬ್ ಹೌಸ್ ಎಂದು ಹೆಸರು. ಕ್ಲಬ್ ಎನ್ನಲು ಅಲ್ಲಿರುವುದು ಒಂದು ಕೇರಂ ಬೋರ್ಡು, ನಾಲ್ಕು ಪ್ಲಾಸ್ಟಿಕ್ ಕುರ್ಚಿ ಮತ್ತು ಗಣಪತಿ ಹಬ್ಬದ ಹಳೆಯ ಥರ್ಮೊಕೋಲ್ ಮಂಟಪ. ಅವಧಿಗೆ ಮುಂಚೆಯೇ ನಿವೃತ್ತನಾದ ಮೊದಲ ಭಾನುವಾರ ನಾನು ಅಲ್ಲಿಗೆ ಹೋದದ್ದು ಸ್ನೇಹ ಹುಡುಕಿಕೊಂಡಲ್ಲ. ಮನೆಯಲ್ಲಿ ಹೆಂಡತಿ ಅಟ್ಟ ಚೊಕ್ಕ ಮಾಡಲು ಸೀರೆ ಸೊಂಟಕ್ಕೆ ಸಿಕ್ಕಿಸಿದ್ದಳು, ಏಣಿ ಹಿಡಿಯಲು ಒಬ್ಬರು ಬೇಕಾಗಿದ್ದರು. ಕೋಣೆಯಲ್ಲಿ ಒಬ್ಬ ಮುದುಕಿ ಕಪ್ಪನ್ನೂ ಬಿಳಿಯನ್ನೂ ತಾನೇ ಆಡುತ್ತಾ ಕುಳಿತಿದ್ದರು. ತಲೆ ಎತ್ತದೆ, "ಕೂತ್ಕೊಳ್ಳಿ, ಕಪ್ಪು ನಿಮ್ದು" ಎಂದರು. ಹತ್ತೇ ನಿಮಿಷದಲ್ಲಿ ನನ್ನನ್ನು ಸೋಲಿಸಿದ ಮೇಲೆ ಹೆಸರು ಕೇಳಿದರು. ಮೂರ್ತಿ ಎಂದೆ. ಅವರು ಕಮಲಕ್ಕ, ಬಿ ವಿಂಗಿನ ಐದನೇ ಮಹಡಿ.

ಕಮಲಕ್ಕನನ್ನು ನೀವು ಕಂಡರೆ ಯಾರಿಗೂ ಬೇಡವಾದ ಅಜ್ಜಿ ಎಂದು ತಿಳಿದು ಮರುಗಬೇಡಿ. ಅವರಿಗೆ ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು, ಅಳಿಯನ ತಾಯಿ, ಒಂದು ನಾಯಿ, ಎಲ್ಲರೂ ಒಂದೇ ಫ್ಲಾಟಿನಲ್ಲಿ ಇದ್ದಾರೆ. ಒಂಟಿತನವೇ ಸಿಗದ ಕಾರಣ ಅವರು ಕೆಳಗಿಳಿದು ಬರುತ್ತಿದ್ದುದು. ಇಪ್ಪತ್ತನೇ ವಯಸ್ಸಿಗೆ ಮದುವೆಯಾಗಿ ತುಮಕೂರಿನಿಂದ ಬಂದು, ಮುಂಬಯಿಯ ವಠಾರವಾದ ಚಾಳಿನ ಎರಡು ಕೋಣೆಯಲ್ಲಿ ಸಂಸಾರ ಹೂಡಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರೂರಿನ ಲೈನು ಜೋಡಿಸುವ ಟ್ರಂಕ್ ಕಾಲ್ ಆಪರೇಟರಾಗಿ ಮೂವತ್ತೆರಡು ವರ್ಷ ಕೆಲಸ ಮಾಡಿದವರು. ಕೇರಂ ಕಲಿತದ್ದು ಚಾಳಿನ ಗ್ಯಾಲರಿಯಲ್ಲಿ. ಮಿಲ್ಲಿನ ಕೆಲಸಗಾರರು ಆಡುವುದನ್ನು ಅಕ್ಕಿ ಆರಿಸುತ್ತಾ ಎರಡು ವರ್ಷ ನೋಡಿದರಂತೆ. ಒಂದು ದಿನ ಒಬ್ಬ ಆಟಗಾರ ಬರಲಿಲ್ಲ. ಮೊರ ಕೆಳಗಿಟ್ಟು ಹೋಗಿ ಕುಳಿತರು. ಆಮೇಲೆ ಆ ಆಟಗಾರನಿಗೆ ಜಾಗ ಸಿಗಲಿಲ್ಲ.

ನಮ್ಮ ಮೂರನೆಯವನು ಬಸವರಾಜ, ವಿಜಯಪುರದ ಕಡೆಯವನು, ನಲವತ್ತರ ಆಸುಪಾಸು. ಕ್ಲಬ್ ಹೌಸಿನ ನೆಲಕ್ಕೆ ಟೈಲ್ಸ್ ಹಾಕಲು ಬಂದವನು ತನ್ನ ಮಟ್ಟಗೋಲನ್ನು ನೆಲದ ಬದಲು ಕೇರಂ ಬೋರ್ಡಿನ ಮೇಲಿಟ್ಟು ನೋಡಿ, ಒಂದು ಮಗ್ಗುಲು ತಗ್ಗಾಗಿದೆ ಎಂದು ತೀರ್ಪು ಕೊಟ್ಟು, ಕಾಲಿನ ಕೆಳಗೆ ಟೈಲಿನ ಚೂರು ಸಿಕ್ಕಿಸಿ, ಒಂದು ಕೈ ಆಡಲೇ ಎಂದು ಕೇಳಿದ. ಇದು ನಾಲ್ಕು ವರ್ಷದ ಹಿಂದಿನ ಮಾತು. ಆ ನೆಲದ ಒಂದು ಮೂಲೆ ಇನ್ನೂ ಬಾಕಿಯಿದೆ. ನಾಲ್ಕನೆಯವಳು ದೀಕ್ಷಾ, ಇಪ್ಪತ್ತೈದರ ಹುಡುಗಿ, ಉಡುಪಿ ಕಡೆಯವರ ಮಗಳು, ಬಾಂದ್ರಾದಲ್ಲಿ ಸಮಾರಂಭಗಳನ್ನು ನಡೆಸಿಕೊಡುವ ಒಂದು ಕಂಪನಿಯಲ್ಲಿ ಕೆಲಸ. ಮನೆಯಲ್ಲಿ ನೆಟ್‌ವರ್ಕ್ ಸಿಗದೆ ಫೋನ್ ಹಿಡಿದು ಕ್ಲಬ್ ಹೌಸಿಗೆ ಬಂದವಳು ಮಾತು ಮುಗಿಸಿ, ನಾನು ರಾಣಿಯನ್ನು ಹಾಕಿ ಬೀಗುತ್ತಿದ್ದ ಹೊತ್ತಿಗೆ, "ಅಂಕಲ್, ಕವರ್ ಮಾಡಿಲ್ಲ" ಎಂದಳು. ನಮ್ಮ ಪರಿಚಯ ಹೀಗೆ ನನ್ನ ತಪ್ಪಿನಿಂದ ಆರಂಭವಾಯಿತು, ಅದೇ ದಾರಿಯಲ್ಲಿ ಮುಂದುವರಿದಿದೆ.

ಬೋರ್ಡಿನ ಮೇಲಿನ ಬಿಲ್ಲೆಗೆ ನಾನು ಪಾನು ಎನ್ನುತ್ತೇನೆ, ಕಮಲಕ್ಕ ಕಾಯಿ ಎನ್ನುತ್ತಾರೆ, ಬಸವರಾಜ ಗೋಟಿ ಎನ್ನುತ್ತಾನೆ, ದೀಕ್ಷಾ ಕಾಯಿನ್ ಎನ್ನುತ್ತಾಳೆ. ಕನ್ನಡ ಒಂದೇ ಎಂದು ಭಾಷಣ ಮಾಡುವವರು ಒಂದು ಭಾನುವಾರ ನಮ್ಮಲ್ಲಿಗೆ ಬರಬೇಕು. ಸಂಬೋಧನೆಯಲ್ಲೂ ನ್ಯಾಯವಿರಲಿಲ್ಲ. ಎಂಬತ್ತಮೂರು ವರ್ಷದ ಕಮಲಕ್ಕ, ಇಡೀ ಎಕ್ಸ್‌ಚೇಂಜು ತನ್ನನ್ನು ಹೆಸರು ಹಿಡಿದೇ ಕರೆಯುತ್ತಿತ್ತು ಎಂದು ಹೇಳಿ ದೀಕ್ಷಾಳಿಂದ ಬರೀ ಕಮಲಾ ಎಂದು ಕರೆಸಿಕೊಳ್ಳುತ್ತಿದ್ದರು. ಅವರಿಗಿಂತ ಇಪ್ಪತ್ತೆರಡು ವರ್ಷ ಚಿಕ್ಕವನಾದ ನಾನು ಅಂಕಲ್. ಒಂದು ಸಲ ಯಾರೋ ಹುಡುಗ ದೀಕ್ಷಾಳ ಫೋನು ಎತ್ತುವುದನ್ನೇ ಬಿಟ್ಟುಬಿಟ್ಟ. ಇದಕ್ಕೆ ಘೋಸ್ಟಿಂಗ್ ಎನ್ನುತ್ತಾರೆ ಎಂದು ಅವಳು ಕಣ್ಣು ಒರೆಸಿಕೊಳ್ಳುತ್ತಾ ವಿವರಿಸಿದಳು. ಕಮಲಕ್ಕ ಯೋಚಿಸಿ, ತಮ್ಮ ಕಾಲದಲ್ಲೂ ಇದು ಇತ್ತು, ಅದಕ್ಕೆ 'ಪಾರ್ಟಿ ನೋ ರಿಪ್ಲೈ' ಎನ್ನುತ್ತಿದ್ದೆವು, ಮೂರು ಸಲ ನೋಡಿ ಲೈನು ಬೇರೆಯವರಿಗೆ ಕೊಡುತ್ತಿದ್ದೆವು ಎಂದರು. ದೀಕ್ಷಾ ಹಾಗೆಯೇ ಮಾಡಿದಳು. ಹಿರಿಯರು ಕಿರಿಯರಿಗೆ ದಾರಿ ತೋರಿಸುತ್ತಾರೆ ಎಂಬುದಕ್ಕೆ ನಾನು ಕಂಡ ಒಂದೇ ಉದಾಹರಣೆ ಇದು.

ಎರಡು ವರ್ಷದ ಹಿಂದೆ ಕಮಲಕ್ಕನಿಗೆ ಜ್ವರ ಬಂದು ಒಂದು ತಿಂಗಳು ಕೆಳಗಿಳಿಯಲಿಲ್ಲ. ಬಂದ ದಿನ ಬಲಗೈ ನಡುಗುತ್ತಿತ್ತು. ಪಾಕೆಟ್ಟಿನ ತುಟಿಯ ಮೇಲೆ ನಿಂತಿದ್ದ, ಊದಿದರೂ ಬೀಳುವಂಥ ಬಿಳಿಯನ್ನು ಅವರು ತಪ್ಪಿಸಿದರು. ಮುಂದಿನ ಸರದಿ ನನ್ನದು. ನನ್ನ ಮುಂದೆ ಅದಕ್ಕಿಂತ ಸುಲಭದ್ದು ಇತ್ತು. ನಾನೂ ತಪ್ಪಿಸಿದೆ. ಆಮೇಲೆ ಬಸವರಾಜ ತಪ್ಪಿಸಿದ, ದೀಕ್ಷಾ ತಪ್ಪಿಸಿದಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಮ್ಮ ಸೊಸೈಟಿಯ ಚರಿತ್ರೆಯಲ್ಲಿ ಸಭೆ ಸೇರದೆ, ಜಗಳವಾಡದೆ, ಸರ್ವಾನುಮತದಿಂದ ಪಾಸಾದ ಠರಾವು ಅದೊಂದೇ. ಅಂದಿನಿಂದ ಕಮಲಕ್ಕ ಒಂದು ಆಟವನ್ನೂ ಸೋತಿರಲಿಲ್ಲ. ಪುಟ್ಟಸ್ವಾಮಿಯ ಶಿಷ್ಯನಾದ ನನಗೆ ಇದು ಕಷ್ಟವೇ ಅಲ್ಲ. ಉಳಿದಿಬ್ಬರಿಗೆ ಸೋಲುವುದು ಸರಿಯಾಗಿ ಬರುತ್ತಿರಲಿಲ್ಲ, ಬಹಳ ಎದ್ದು ಕಾಣುತ್ತಿತ್ತು. ನನ್ನದು ಕಲೆ ಎಂದು ನನ್ನ ಅಭಿಪ್ರಾಯ.

ಹೀಗಿರುವಾಗ ದೀಕ್ಷಾಳ ಕಂಪನಿಗೆ ಒಂದು ಧರ್ಮಾರ್ಥ ಹರಾಜು ನಡೆಸಿಕೊಡುವ ಕೆಲಸ ಬಂತು. ಬೈಕುಲ್ಲಾದಲ್ಲಿ ಒಂದು ವಸತಿಗೃಹವಿದೆ. ದೊಡ್ಡ ಆಸ್ಪತ್ರೆಗಳಿಗೆ ತಿಂಗಳುಗಟ್ಟಲೆ ಚಿಕಿತ್ಸೆಗೆಂದು ದೂರದೂರದ ಊರುಗಳಿಂದ ಬರುವ ಮಕ್ಕಳು, ಅವರ ತಾಯ್ತಂದೆ ಉಳಿದುಕೊಳ್ಳುವ ಜಾಗ. ಅದರ ಸಹಾಯಕ್ಕೆ ಹರಾಜು. ಒಬ್ಬ ಕ್ರಿಕೆಟ್ ಆಟಗಾರನ ಬೆವರಿದ ಗ್ಲೌಸು, ಒಬ್ಬ ನಟನ ಕಪ್ಪು ಕನ್ನಡಕ, ಮೂರು ನೀಲಿ ಗೆರೆಗಳಿದ್ದ ಒಂದು ವರ್ಣಚಿತ್ರ, ಒಬ್ಬ ಉದ್ಯಮಿಯ ಜೊತೆ ಗಾಲ್ಫ್ ಆಡುವ ಸುಯೋಗ, ಇಷ್ಟೆಲ್ಲ ಆಗಲೇ ಬಂದಿತ್ತು. ಈಗಿನ ಕಾಲದಲ್ಲಿ ಜನ ವಸ್ತು ಕೊಳ್ಳುವುದಿಲ್ಲ, ಅನುಭವ ಕೊಳ್ಳುತ್ತಾರೆ ಎಂದು ದೀಕ್ಷಾ ಹೇಳಿದಳು. ಹಾಗೆ ಹೇಳುತ್ತಾ ಕಮಲಕ್ಕನನ್ನೇ ನೋಡತೊಡಗಿದಳು. ಕೇಳಿದ ಕೂಡಲೇ ಕಮಲಕ್ಕ ಒಪ್ಪಿಬಿಟ್ಟರು. ವಾರದೊಳಗೆ ಅಚ್ಚಾಗಿ ಬಂದ ನುಣುಪು ಕಾಗದದ ಪಟ್ಟಿಯಲ್ಲಿ ಗಾಲ್ಫಿನ ಕೆಳಗೆ, ಹದಿನೇಳನೇ ನಂಬರಿನಲ್ಲಿ, ಕಮಲಾ ಅವರೊಡನೆ ಕೇರಂ ಆಟದ ಒಂದು ಮಧ್ಯಾಹ್ನ ಎಂದಿತ್ತು. ಎಂಬತ್ತಮೂರರ ಹರೆಯ, ಎರಡು ವರ್ಷದಿಂದ ಅಜೇಯ, ಕಾಫಿ ಮತ್ತು ಚಕ್ಕುಲಿ ಸಹಿತ.

ಅಜೇಯ ಎಂಬ ಮಾತನ್ನು ನಾನು ಎರಡು ಸಲ ಓದಿದೆ. ದುಡ್ಡು ಕೊಟ್ಟು ಕೊಂಡವನು ಸೋಲಲು ಬರುತ್ತಾನೆಯೇ? ಎದುರು ಕುಳಿತು, ನಡುಗುವ ಕೈ ನೋಡಿ, ಕಾಲು ಗಂಟೆಯಲ್ಲಿ ಅವರನ್ನು ನೆಲಕ್ಕೆ ಕೆಡವಿ, ಫೋಟೊ ತೆಗೆಸಿಕೊಂಡು ಹೋಗುತ್ತಾನೆ. ನಮ್ಮ ಎರಡು ವರ್ಷದ ಶ್ರಮ ಮಣ್ಣುಪಾಲು. ದೀಕ್ಷಾಳನ್ನು ಬೇರೆಯಾಗಿ ಕರೆದು ಹೇಳಿದಾಗ ಅವಳೂ ಪಟ್ಟಿಯನ್ನು ಮತ್ತೆ ತೆಗೆದು ನೋಡಿದಳು. ಅದು ಹೊಳೆದೇ ಇರಲಿಲ್ಲವಂತೆ, ಪಟ್ಟಿ ಎಲ್ಲರಿಗೂ ಹೋಗಿಬಿಟ್ಟಿದೆಯಂತೆ. ಆಗ ನಾನು ಒಂದು ನಿರ್ಧಾರ ಮಾಡಿದೆ. ಹದಿನೇಳನೇ ನಂಬರನ್ನು ನಾನೇ ಕೊಳ್ಳುವುದು. ವಾಷಿಂಗ್ ಮೆಷಿನ್ನಿಗೆಂದು ತೆಗೆದಿಟ್ಟ ಮೊತ್ತ ನನ್ನ ಮಿತಿ. ಹೆಂಡತಿಗೆ ಹೇಳಿದೆ. ವಾರಕ್ಕೊಮ್ಮೆ ಬಿಟ್ಟಿಯಾಗಿ ಸಿಗುವ ಸೋಲನ್ನು ದುಡ್ಡು ಕೊಟ್ಟು ತರುತ್ತೀರಾ ಎಂದಳು, ಆದರೆ ಬೇಡ ಎನ್ನಲಿಲ್ಲ.

ಹರಾಜು ಭಾನುವಾರ ಮಧ್ಯಾಹ್ನ ಮೂರಕ್ಕೆ, ಬಾಂದ್ರಾದ ಒಂದು ಹೋಟೆಲಿನ ಹಾಲ್‌ನಲ್ಲಿ. ಆಮಂತ್ರಣದಲ್ಲಿ ಉಡುಪು ಸ್ಮಾರ್ಟ್ ಕ್ಯಾಶುಯಲ್ ಎಂದಿತ್ತು. ಕನ್ನಡಿಯ ಮುಂದೆ ಬಹಳ ಹೊತ್ತು ಪ್ರಯತ್ನಿಸಿ ಎರಡರಲ್ಲಿ ಯಾವುದೊಂದೂ ಆಗದೆ ಹೊರಟೆ. ಕಮಲಕ್ಕನಿಗೆ ಕಂಪನಿಯವರು ಕಾರು ಕಳಿಸಿದ್ದರು. ನಾನೂ ಬಸವರಾಜನೂ ಮುಲುಂಡಿನಿಂದ ಲೋಕಲ್ ಹತ್ತಿ ದಾದರಿನಲ್ಲಿ ಇಳಿದು, ಸೇತುವೆ ದಾಟಿ, ವೆಸ್ಟರ್ನ್ ಲೈನಿನ ಗಾಡಿ ಹಿಡಿದೆವು. ಸರಕಿಗೆ ಕಾರು, ಗಿರಾಕಿಗೆ ಲೋಕಲ್. ಬಸವರಾಜ ಇಸ್ತ್ರಿಯ ಬಿಳಿ ಅಂಗಿ ತೊಟ್ಟಿದ್ದ. ಹಾಲ್ ಹೊಕ್ಕವನೇ ಬೂಟಿನ ತುದಿಯಿಂದ ಇಟಾಲಿಯನ್ ಮಾರ್ಬಲ್ಲಿನ ಎರಡು ಹಾಸುಗಳ ನಡುವೆ ಸವರಿ, ಸಾಲು ಹಿಡಿದಿಲ್ಲ ಎಂದು ತಗ್ಗಿದ ದನಿಯಲ್ಲಿ ತಿಳಿಸಿದ. ಅಲ್ಲಿಂದ ಮುಂದೆ ಆ ವೈಭವ ಅವನನ್ನು ಹೆದರಿಸಲಿಲ್ಲ. ತಟ್ಟೆ ಹಿಡಿದು ಬಂದವರು ಕೊಟ್ಟದ್ದನ್ನೆಲ್ಲ ತಿಂದ.

ನಮಗೆಲ್ಲ ನಂಬರು ಬರೆದ ಹಲಗೆ ಕೊಟ್ಟಿದ್ದರು, ಬೆಲೆ ಕೂಗುವಾಗ ಎತ್ತಲು. ಕಮಲಕ್ಕ ಮುಂದಿನ ಸಾಲಿನಲ್ಲಿ ಬದನೆ ಬಣ್ಣದ ರೇಷ್ಮೆ ಸೀರೆಯುಟ್ಟು ಕುಳಿತಿದ್ದರು, ಅವರ ಮಡಿಲಲ್ಲೂ ಒಂದು ಹಲಗೆ. ಹರಾಜು ಕೂಗುವವನು ಇಂಪಾದ ದನಿಯ ಮನುಷ್ಯ. ಕಪ್ಪು ಕನ್ನಡಕ ಒಂದು ಹಳೆಯ ಕಾರಿನ ಬೆಲೆಗೆ ಹೋಯಿತು. ಕೊಂಡವರು ಅಲ್ಲೇ ಹಾಕಿಕೊಂಡರು, ಆಮೇಲೆ ಅವರಿಗೆ ತಮ್ಮ ಕುರ್ಚಿ ಕಾಣಲಿಲ್ಲ. ಮೂರು ನೀಲಿ ಗೆರೆಗಳಿಗೆ ಗೆರೆಗೊಂದು ಲಕ್ಷ. ನನ್ನ ವಾಷಿಂಗ್ ಮೆಷಿನ್ನು ಜೇಬಿನಲ್ಲಿ ಚಿಕ್ಕದಾಗುತ್ತಾ ಬಂತು.

ಹದಿನೇಳು ಬಂದಾಗ ಕಮಲಕ್ಕ ಎದ್ದು ನಿಂತು ಎಲ್ಲರಿಗೂ ಕೈಮುಗಿದರು. ಚಪ್ಪಾಳೆ ಬಿತ್ತು, ಆದರೆ ಚಪ್ಪಾಳೆ ಮುಗಿದ ಮೇಲೆ ಯಾವ ಹಲಗೆಯೂ ಏಳಲಿಲ್ಲ. ಕೂಗುವವನು ಚಕ್ಕುಲಿಯ ವಿಷಯ ಎರಡು ಸಲ ಹೇಳಿದ. ಕಮಲಕ್ಕನ ಬೆನ್ನು ನೆಟ್ಟಗೆ ಇತ್ತು. ಆ ಹತ್ತು ಸೆಕೆಂಡು ನನಗೆ ಇವತ್ತಿಗೂ ನೆನಪಿದೆ. ಅಷ್ಟು ಹೊತ್ತು ಅವರನ್ನು ಯಾರಾದರೂ ಕೊಂಡುಬಿಟ್ಟಾರು ಎಂದು ಹೆದರಿದ್ದವನು, ಯಾರೂ ಕೊಳ್ಳದಿದ್ದರೆ ಎಂಬ ಹೆದರಿಕೆಯನ್ನು ಯೋಚಿಸಿಯೇ ಇರಲಿಲ್ಲ. ಹಲಗೆ ಎತ್ತಿದೆ. ಎತ್ತಿದ್ದೇ ತಡ, ಬಲಗಡೆಯಿಂದ ಲಿನನ್ ಅಂಗಿಯ ಒಬ್ಬ ಯುವಕನೂ ಎತ್ತಿದ. ಪಕ್ಕದವಳಿಗೆ ತಾನು ಕಾಲೇಜಿನ ಕೇರಂ ಚಾಂಪಿಯನ್ ಎಂದು ಹೇಳುತ್ತಿದ್ದುದು ನನಗೆ ಕೇಳಿಸಿತು. ನಾನು ಏರಿಸಿದೆ, ಅವನು ಏರಿಸಿದ. ವಾಷಿಂಗ್ ಮೆಷಿನ್ನು ದಾಟಿತು. ಬಸವರಾಜ ನನ್ನ ಕಿವಿಗೆ ಬಾಗಿ, "ಸರ, ಕೈ ಇಳಸಬ್ಯಾಡ್ರಿ. ನಂದೂ ಅದಕ್ಕ ಸೇರಸ್ರಿ" ಎಂದ. ಮತ್ತೆ ಎತ್ತಿದೆ. ಯುವಕ ಪಕ್ಕದವಳನ್ನು ನೋಡಿದ. ಅವಳು ಆಗಲೇ ಫೋನು ನೋಡುತ್ತಿದ್ದಳು. ಅವನು ಹಲಗೆ ಕೆಳಗಿಟ್ಟ.

ಒಂದು ಸಲ, ಎರಡು ಸಲ ಎಂದು ಕೂಗಿ ಸುತ್ತಿಗೆ ಮೇಲೆದ್ದಿತ್ತು. ಮುಂದಿನ ಸಾಲಿನಲ್ಲಿ ಒಂದು ಹಲಗೆ ನಿಧಾನವಾಗಿ ಮೇಲೆ ಬಂತು. ಸ್ವಲ್ಪ ನಡುಗುತ್ತಿತ್ತು. ಕೂಗುವವನು ನಕ್ಕು, ಮೇಡಂ, ತಾವೇ ಹರಾಜಿನಲ್ಲಿದ್ದೀರಿ ಎಂದ. ಕಮಲಕ್ಕ ತಮ್ಮ ಟ್ರಂಕ್ ಕಾಲಿನ ಇಂಗ್ಲಿಷಿನಲ್ಲಿ, ಕೊಳ್ಳಬಾರದು ಎಂದು ಯಾವ ನಿಯಮದಲ್ಲಿದೆ ತೋರಿಸಿ ಎಂದರು. ಎಲ್ಲೂ ಇರಲಿಲ್ಲ. ಆಮೇಲೆ ಅವರು ಕುರ್ಚಿಯಲ್ಲೇ ಪೂರ್ತಿ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. ಮೂವತ್ನಾಲ್ಕು ವರ್ಷದಲ್ಲಿ ಯಾವ ಮ್ಯಾನೇಜರೂ ನನ್ನನ್ನು ಹಾಗೆ ನೋಡಿರಲಿಲ್ಲ. ನನ್ನ ಕೈ ತಾನಾಗಿ ಇಳಿಯಿತು. ಕಮಲಕ್ಕ ತಮ್ಮ ಪಿಂಚಣಿಯಿಂದ ತಮ್ಮನ್ನು ತಾವೇ ಕೊಂಡುಕೊಂಡರು. ಇಡೀ ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಂಥ ಚಂದದ ತಮಾಷೆ ಎಂದು ನನ್ನ ಮುಂದಿನವರು ಹೇಳಿಕೊಂಡರು. ಚಂದವೂ ಅಲ್ಲ, ತಮಾಷೆಯೂ ಅಲ್ಲ ಎಂದು ಗೊತ್ತಿದ್ದವರು ನಾವು ನಾಲ್ವರೇ.

ವಾಪಸಾಗುವಾಗ ಕಮಲಕ್ಕ ನಮ್ಮಿಬ್ಬರನ್ನೂ ಕಾರಿಗೆ ಹತ್ತಿಸಿಕೊಂಡರು. ಸಾಯನ್ ದಾಟಿತು. ಆಮೇಲೆ ಕಿಟಕಿಯ ಹೊರಗೆ ನೋಡುತ್ತಾ ಕೇಳಿದರು.

"ಆ ಹುಡುಗನ ಹತ್ರ ನಾನು ಸೋತೋಗ್ತೀನಿ ಅಂತ ತಾನೆ ನೀವು ಕೈ ಎತ್ತಿದ್ದು?"

ಹಾಗೇನಿಲ್ಲ, ಒಳ್ಳೆಯ ಕೆಲಸಕ್ಕೆ ಒಂದಿಷ್ಟು ಸಹಾಯ ಎಂದು ನಾನು ತೊದಲಿದೆ.

"ಮೂರ್ತಿ, ಮೂವತ್ತೆರಡು ವರ್ಷ ಜನರ ಮಾತು ಕೇಳಿಸ್ಕೊಂಡೋಳು ನಾನು. ಸುಳ್ಳು ಹೇಳೋಕೆ ಮುಂಚೆ ಮನುಷ್ಯ ಉಸಿರು ಎಳ್ಕೊಳ್ಳೋದು ನಂಗೆ ಕೇಳ್ಸತ್ತೆ." ಕಿಟಕಿಯಿಂದ ನನ್ನ ಕಡೆ ತಿರುಗಿ ಹೇಳಿದರು. "ಸೋಲಿಸಿ, ಬೇಜಾರಿಲ್ಲ. ಆದ್ರೆ ಎರಡು ವರ್ಷದಿಂದ ನನಗೆ ಒಂದು ಆಟಾನೂ ಆಡೋಕೆ ಬಿಟ್ಟಿಲ್ವಲ್ಲ ನೀವು."

ಬಸವರಾಜ ಡ್ರೈವರನ ಪಕ್ಕದಲ್ಲಿ ಕುಳಿತು ತನ್ನ ಬೂಟು ನೋಡುತ್ತಿದ್ದ. ಮುಲುಂಡ್ ಬಂತು. ಕಮಲಕ್ಕ ಇಳಿದು, ಥ್ಯಾಂಕ್ಯೂ ಎಂದು ಡ್ರೈವರನಿಗೆ ಮಾತ್ರ ಹೇಳಿ, ಲಿಫ್ಟಿನ ಕಡೆ ಹೋದರು.

ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಈ ಸಂಗತಿ ನನ್ನನ್ನು ಎರಡು ರೀತಿಯಲ್ಲಿ ಚುಚ್ಚಿತು. ಅವರನ್ನು ನೋಯಿಸಿದೆನಲ್ಲ ಎಂಬುದು ಮೊದಲನೆಯದು. ಎರಡನೆಯದು ಹೇಳಲು ನಾಚಿಕೆ: ನನ್ನ ಕಲೆ ಅವರಿಗೆ ಕಂಡುಬಿಟ್ಟಿತಲ್ಲ ಎಂಬುದು. ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ನಾವು ಮೂವರು ಬೋರ್ಡಿನ ಸುತ್ತ ಕುಳಿತು, ಯಾರೂ ಆಡದೆ, ಎದ್ದು ಹೋದೆವು. ದೀಕ್ಷಾ ಬಹಳ ಸೊರಗಿದ್ದಳು. "ಅಂಕಲ್, ಮತ್ಲಬ್, ನಾವು ಒಳ್ಳೇದು ಮಾಡಿದ್ದು ಅಲ್ವಾ? ಕಮಲಾಗೆ ಸ್ಯಾಡ್ ಆಗ್ಬಾರ್ದು ಅಂತ?" ಎಂದು ಕೇಳಿದಳು. ಮನೆಗೆ ಬಂದು ಹೆಂಡತಿಗೆ ಅದೇ ಪ್ರಶ್ನೆ ಹಾಕಿದೆ. ಆಕೆ ಬೀನ್ಸಿನ ನಾರು ತೆಗೆಯುತ್ತಾ, "ನಾನು ಮಾಡಿದ ಉಪ್ಪಿಟ್ಟು ಚೆನ್ನಾಗಿದೆ ಅಂತ ನೀವು ಮೂವತ್ತು ವರ್ಷದಿಂದ ಹೇಳ್ತಿದ್ದೀರಿ. ನನಗೆ ಗೊತ್ತಿಲ್ವಾ? ನಾನು ಹೆಂಡತಿ, ಸಹಿಸ್ಕೊಂಡೆ. ಅವರಿಗೇನು ಕರ್ಮ?" ಎಂದಳು. ಹದಿನೈದೇ ದಿನದಲ್ಲಿ ಇದು ನನಗೆ ಎರಡನೆಯ ಆಘಾತ.

ಮೂರನೆಯ ವಾರ ದೀಕ್ಷಾಳ ಕಚೇರಿಗೆ ಹದಿನೇಳನೇ ನಂಬರಿನ ಖರೀದಿದಾರರಿಂದ ಪತ್ರ ಬಂತು. ತಾನು ಕೊಂಡಿರುವ ಮಧ್ಯಾಹ್ನವನ್ನು ಬೈಕುಲ್ಲಾದ ವಸತಿಗೃಹದಲ್ಲಿ ಒದಗಿಸಬೇಕು, ಯಾರಿಗೆ ಆಡಲು ಇಷ್ಟವೋ ಅವರ ಜೊತೆ ಕಮಲಾ ಎಂಬವರು ಆಡತಕ್ಕದ್ದು, ಚಕ್ಕುಲಿ ತರತಕ್ಕದ್ದು ಎಂದಿತ್ತು. ಸಹಿ, ಕಮಲಾ. ದೀಕ್ಷಾ ಕರೆದುಕೊಂಡು ಹೋದಳು. ಆ ದಿನ ನಡೆದದ್ದನ್ನು ನನಗೆ ಅವಳೇ ಆಮೇಲೆ ಹೇಳಿದ್ದು.

ಅಲ್ಲಿ ಭಾಗ್ಯ ಎಂಬ ಹನ್ನೊಂದು ವರ್ಷದ ಹುಡುಗಿ. ಬಾಗಲಕೋಟೆ ಕಡೆಯವಳು, ತಾಯಿಯ ಜೊತೆ ಐದು ತಿಂಗಳಿಂದ ಅಲ್ಲಿದ್ದಳು. ಆಸ್ಪತ್ರೆಗೆ ಹೋಗದ ದಿನಗಳಲ್ಲಿ ಮಾಡಲು ಬೇರೇನೂ ಇಲ್ಲದೆ ಕೇರಂ ಆಡಿ ಆಡಿ ಇಡೀ ಮನೆಗೆ ಅವಳದೇ ದಾದಾಗಿರಿ. ಕಮಲಕ್ಕ ಕುಳಿತು ಪುಡಿ ಉದುರಿಸಿದರು. ಹುಡುಗಿ ತಲೆಗೆ ಕಟ್ಟಿದ್ದ ಸ್ಕಾರ್ಫನ್ನು ಬಿಗಿ ಮಾಡಿಕೊಂಡು, ಸತತ ಆರು ಕಾಯಿ ಹಾಕಿ, ರಾಣಿಯನ್ನೂ ಹಾಕಿ, ಕವರೂ ಮಾಡಿ, ಮುಖದಲ್ಲಿ ಯಾವ ಭಾವವನ್ನೂ ತೋರಿಸದೆ ಕಮಲಕ್ಕನನ್ನು ನೋಡಿದಳಂತೆ. ಮೊದಲ ಬೋರ್ಡು ಹೋಯಿತು. ಎರಡನೆಯದೂ ಹೋಯಿತು. ದೀಕ್ಷಾ ಉಗುರು ಕಚ್ಚುತ್ತಾ ನಿಂತಿದ್ದಳು. ಮೂರನೆಯದರ ನಡುವೆ ಹುಡುಗಿ ಆಟ ನಿಲ್ಲಿಸಿ ಹೇಳಿದಳು.

"ಅಜ್ಜಿ, ನಿಮ್ಮ ಬಲಗೈ ನಡಗಾಕತ್ತೈತಿ. ಎಡಗೈಲೆ ಹೊಡದ ನೋಡ್ರಿ. ನಂಗ ಸಲೈನ್ ಹಚ್ಚಿದಾಗ ನಾ ಎಡಗೈಲೇ ಆಡತೀನಿ."

ನಾವು ಮೂವರು ಬುದ್ಧಿವಂತರು ಎರಡು ವರ್ಷ ಸೇರಿ ಮುಚ್ಚಿಟ್ಟಿದ್ದ ರಹಸ್ಯವನ್ನು ಆ ಹುಡುಗಿ, ಮಳೆ ಬರುತ್ತಿದೆ ಕೊಡೆ ತಗೊಳ್ಳಿ ಎನ್ನುವ ಹಾಗೆ ಹೇಳಿಬಿಟ್ಟಳು. ಕಮಲಕ್ಕ ತಮ್ಮ ಬಲಗೈಯನ್ನು ಸ್ವಲ್ಪ ಹೊತ್ತು ನೋಡಿಕೊಂಡರಂತೆ. ಆಮೇಲೆ ಸ್ಟ್ರೈಕರನ್ನು ಎಡಗೈಗೆ ಬದಲಾಯಿಸಿ ಹೊಡೆದರು. ಅದು ಬೋರ್ಡು ಬಿಟ್ಟು ಹಾರಿ ಚಕ್ಕುಲಿಯ ಡಬ್ಬಿಗೆ ಬಿತ್ತು. ಹುಡುಗಿ ಬಿದ್ದು ಬಿದ್ದು ನಕ್ಕಳು, ಕಮಲಕ್ಕನೂ ನಕ್ಕರು. ಹಾಗೆ ನಗುವುದನ್ನು ತಾನು ನೋಡೇ ಇರಲಿಲ್ಲ ಎಂದಳು ದೀಕ್ಷಾ.

ಅದರ ಮುಂದಿನ ಭಾನುವಾರ ನಾನು ಕ್ಲಬ್ ಹೌಸಿಗೆ ಹೋದರೆ ಕಮಲಕ್ಕ ಆಗಲೇ ಬಂದು ಕುಳಿತಿದ್ದರು. ಕ್ಷಮೆ ಕೇಳಲು ನಾನು ಲಿಫ್ಟಿನಲ್ಲಿ ಇಳಿಯುತ್ತಾ ಒಂದು ಮಾತು ಜೋಡಿಸಿಕೊಂಡಿದ್ದೆ. ಬಾಯಿ ತೆರೆಯುವ ಮೊದಲೇ, "ಕೂತ್ಕೊಳ್ಳಿ, ಕಪ್ಪು ನಿಮ್ದು" ಎಂದು ಎಡಗೈಯಲ್ಲಿ ಸ್ಟ್ರೈಕರ್ ಹಿಡಿದರು. ನಾನು ಹಿಂಜರಿದು ಬಸವರಾಜನನ್ನು ಮುಂದೆ ತಳ್ಳಿದೆ. ಅವನು ಅವರನ್ನು ಇಪ್ಪತ್ತೊಂಬತ್ತಕ್ಕೆ ನಾಲ್ಕು ಪಾಯಿಂಟಿನಿಂದ ಹೊಡೆದುಹಾಕಿದ. ಹೊಡೆದು ತಲೆ ತಗ್ಗಿಸಿ ನಿಂತ. ಕಮಲಕ್ಕ ಬಹಳ ಸಂತೋಷದಿಂದ, ಈ ನಾಲ್ಕು ನನ್ನ ಸ್ವಂತದ್ದು ಎಂದರು. ದೀಕ್ಷಾಳೂ ಅವರನ್ನು ಸೋಲಿಸಿದಳು, ಸೋಲಿಸಿ ಕುತ್ತಿಗೆಗೆ ಜೋತುಬಿದ್ದಳು. ಆಮೇಲೆ ನನ್ನ ಸರದಿ.

ಓದುಗ ಮಹಾಶಯರೇ, ನಿಮ್ಮಲ್ಲಿ ಏನನ್ನೂ ಮುಚ್ಚಿಡುವುದಿಲ್ಲ. ನಾನು ಆ ದಿನ ಪೂರ್ತಿ ಮನಸ್ಸಿಟ್ಟು, ಕನ್ನಡಕ ಒರೆಸಿಕೊಂಡು, ಎರಡು ವರ್ಷದಲ್ಲಿ ಮೊದಲ ಬಾರಿಗೆ ಗೆಲ್ಲಲೆಂದೇ ಆಡಿದೆ. ಮೊದಲ ಹೊಡೆತ ತಪ್ಪಿತು. ಎರಡನೆಯದು ಪಾಕೆಟ್ಟಿನ ತುಟಿಗೆ ಬಡಿದು ವಾಪಸು ಬಂತು. ಮೂರನೆಯದರಲ್ಲಿ ಅವರ ಬಿಳಿಯನ್ನು ನಾನೇ ಒಳಗೆ ತಳ್ಳಿದೆ. ಎಂಬತ್ತಮೂರು ವರ್ಷದ, ಎಡಗೈಗೆ ಹೊಸಬರಾದ ಹೆಂಗಸು ನನ್ನನ್ನು ಮೂರು ಪಾಯಿಂಟಿನಿಂದ ಸೋಲಿಸಿದರು. ರೂಢಿ ತಪ್ಪಿದೆ ಎಂದು ಸಮಾಧಾನ ಮಾಡಿಕೊಂಡೆ. ಮುಂದಿನ ವಾರವೂ ಅಷ್ಟೇ ಆಯಿತು, ಅದರ ಮುಂದಿನ ವಾರವೂ. ಈ ಎರಡು ವರ್ಷದಲ್ಲಿ ನಾನು ಬೇಕೆಂದೇ ಸೋತ ಆಟಗಳೆಷ್ಟು, ಸುಮ್ಮನೆ ಸೋತವು ಎಷ್ಟು ಎಂದು ಯೋಚಿಸಿದರೆ ನಿದ್ದೆ ಬರುವುದಿಲ್ಲ. ಆದ್ದರಿಂದ ಯೋಚಿಸುವುದಿಲ್ಲ.

ಈಗ ಪ್ರತಿ ತಿಂಗಳ ಕೊನೆಯ ಶನಿವಾರ ನಾವು ನಾಲ್ವರೂ ಬೈಕುಲ್ಲಾಕ್ಕೆ ಹೋಗುತ್ತೇವೆ. ಭಾಗ್ಯಳ ಚಿಕಿತ್ಸೆ ಇನ್ನೆರಡು ತಿಂಗಳಿದೆ, ಡಾಕ್ಟರುಗಳು ಮೊದಲಿಗಿಂತ ಹೆಚ್ಚು ನಗುತ್ತಾರೆ ಎಂದು ಅವಳ ತಾಯಿ ಹೇಳಿದರು. ಹೋದ ತಿಂಗಳು ಕಮಲಕ್ಕ, ಇವತ್ತು ಮೂರ್ತಿಯವರು ಆಡಲಿ ಎಂದು ನನ್ನನ್ನು ಹುಡುಗಿಯ ಎದುರು ಕೂರಿಸಿದರು. ಅವಳು ಹಿಂದಿನ ದಿನವಷ್ಟೇ ಆಸ್ಪತ್ರೆಯಿಂದ ಬಂದಿದ್ದಳು, ಕೈಗೆ ಇನ್ನೂ ಪಟ್ಟಿಯಿತ್ತು. ಆಟ ಅರ್ಧಕ್ಕೆ ಬಂದಾಗ ನನ್ನ ಮುಂದೆ ಒಂದು ಕಪ್ಪು, ನೇರವಾಗಿ, ಪಾಕೆಟ್ಟಿನಿಂದ ಗೇಣು ದೂರದಲ್ಲಿ ನಿಂತಿತ್ತು. ಹೊಡೆದೆ. ತಪ್ಪಿತು.

ಭಾಗ್ಯ ಸ್ಟ್ರೈಕರ್ ತೆಗೆದುಕೊಳ್ಳಲಿಲ್ಲ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಕಮಲಕ್ಕನ ಕಡೆ ತಿರುಗಿದಳು.

"ಅಜ್ಜಿ, ಇವ್ರು ಬೇಕಂತಲೇ ಬಿಡಾಕತ್ತಾರ."

ಕಮಲಕ್ಕ ಚಕ್ಕುಲಿ ಮುರಿಯುತ್ತಾ, ಉಸಿರನ್ನು ಒಂದಿಷ್ಟೂ ಎಳೆದುಕೊಳ್ಳದೆ ಹೇಳಿದರು.

"ಇಲ್ಲ ಮಗು. ಅವರು ಆಡೋದೇ ಹಾಗೆ."